ಎರಡು ಚುಕ್ಕೆಯ ತೊಲೆ

ಗಂಗಾವತಿ
27-9-1983

ಚಿ. ಬಾಲಪ್ಪನಿಗೆ ಅಣ್ಣನ ಆಶೀರ್ವಾದ.

ಇದರ ಕೆಳಗೆ ನಾವೆಲ್ಲ ಕ್ಷೇಮ ಎಂದು ಬರೆಯುವ ರೂಢಿ. ಆ ಸಾಲು ಬಿಟ್ಟಿದ್ದೇನೆ.

ಏಳು ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಅವ್ವನ ಹನ್ನೊಂದನೇ ದಿನಕ್ಕೆ ನೀನು ಬಂದಾಗ ಅಂಗಳದಲ್ಲೇ ನಿಲ್ಲಿಸಿ ಹೊರಳಿ ಕಳಿಸಿದವನು ನಾನು. ಅಲ್ಲಿಗೆ ನಮ್ಮ ಮಾತು ಮುಗಿಯಿತು ಅಂದುಕೊಂಡಿದ್ದೆ. ನಿನಗೆ ಮದುವೆಯಾದದ್ದು ಕೂಡ ಮಂದಿ ಬಾಯಿಂದ ಕೇಳಿದೆ. ಈಗ ಒಂದು ಮಾತು ಕೇಳುವುದಿದೆ. ಕೇಳಲು ಬೇರೆ ಯಾರೂ ಗೊತ್ತಿಲ್ಲ.

ಯಮನೂರಮ್ಮ ಹೋದಳು. ಆಗಸ್ಟ್ ಹನ್ನೊಂದಕ್ಕೆ. ನೀನು ಕಡೆಗೆ ನೋಡಿದಾಗ ಹನ್ನೊಂದು ವರ್ಷದವಳು, ಈಗ ಹದಿನೆಂಟು ನಡೆದಿತ್ತು. ಓಣಿಯ ಹೆಣ್ಣುಮಕ್ಕಳ ಜೊತೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಗದ್ದೆಗೆ ಭತ್ತದ ನಾಟಿಗೆ ಹೋಗುತ್ತಿದ್ದಳು. ನನ್ನ ವೆಲ್ಡಿಂಗ್ ಅಂಗಡಿ ನಡೆಯುತ್ತಿರುವಾಗ ನಿನಗೆ ಕೂಲಿ ಯಾಕೆ ಅಂದರೆ, "ಅಪ್ಪಾ, ನೀ ದಿನಾ ಬೆಂಕಿ ಮುಂದ ಕುಂದ್ರತಿ. ನಾ ನೀರಾಗ ನಿಂದರ್ತೀನಿ. ಮನ್ಯಾಗ ಒಬ್ಬರರ ತಂಪಿರ್ಲಿ" ಎಂದು ನಕ್ಕಳು.

ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ ಹದಿನಾಲ್ಕು ಜನ ಹೆಂಗಸರಿದ್ದರು. ಕ್ಯಾಂಪಿನ ಹತ್ತಿರದ ಕಾಲುವೆ ಸೇತುವೆಯ ಮೇಲೆ ಎದುರಿನಿಂದ ಅಕ್ಕಿ ತುಂಬಿದ ಲಾರಿ ಬಂತು. ಎರಡೂ ನಡುಮಧ್ಯಕ್ಕೆ ಬಂದಾಗ ಸೇತುವೆ ಕುಸಿಯಿತು. ಲಾರಿಯವನು ಈಜಿ ದಂಡೆಗೆ ಬಂದ. ಟ್ರೇಲರಿನಲ್ಲಿದ್ದ ಐವರು ಬರಲಿಲ್ಲ. ನಮ್ಮ ಹುಡುಗಿ ಎರಡನೇ ದಿನ ಕಾಲುವೆಯ ಮುಂದಿನ ಗೇಟಿನ ಹತ್ತಿರ ಸಿಕ್ಕಳು. ಗುರುತು ಹೇಳಲು ನನ್ನನ್ನೇ ಕರೆದರು, ಹೇಳಿದೆ.

ನನಗೆ ಅಳು ಬಂದಿಲ್ಲ. ನಿನ್ನ ಅತ್ತಿಗೆ ಹುಲಗೆಮ್ಮ ಅಳುತ್ತಾಳೆ. ನಾನು ಅಂಗಡಿಗೆ ಹೋಗುತ್ತೇನೆ, ಗ್ರಿಲ್ಲು, ಕಿಟಕಿ, ನೇಗಿಲಿನ ಕುಳ, ಬಂದದ್ದೆಲ್ಲ ಬೆಸೆಯುತ್ತೇನೆ. ಉಣ್ಣುತ್ತೇನೆ, ಏನು ಉಂಡೆ ಎಂದು ಕೇಳಿದರೆ ಗೊತ್ತಿರುವುದಿಲ್ಲ. ಮೊನ್ನೆ ಕೈ ಸುಟ್ಟುಕೊಂಡದ್ದನ್ನು ಗಿರಾಕಿ ನೋಡಿ ಹೇಳಿದ ಮೇಲೆ ನೋಡಿಕೊಂಡೆ.

ಕೇಳುವುದು ಇಷ್ಟು. ಆ ಸೇತುವೆಯ ಕಬ್ಬಿಣದ ಗರ್ಡರುಗಳ ಮೇಲೆ ಕಾಂಕ್ರೀಟು ಹಿಡಿದಿಡುವ ಚಾನಲ್ ಕಬ್ಬಿಣದ ತುಂಡು ಬೆಸೆದವನು ನಾನು, ಎಪ್ಪತ್ತಾರರಲ್ಲಿ. ತನಿಖೆಗೆ ಬಂದವರು ಮಿತಿಮೀರಿದ ಭಾರ ಎಂದು ಬರೆದುಕೊಂಡು ಹೋದರು. ಅದಕ್ಕಿಂತ ಭಾರದ ಲಾರಿಗಳು ಏಳು ವರ್ಷ ಅದರ ಮೇಲೆಯೇ ಓಡಾಡಿವೆ. ನಿನ್ನೆ ಹೊತ್ತದ್ದನ್ನು ಇವತ್ತು ಯಾಕೆ ಹೊರಲಿಲ್ಲ? ನೀನು ಹುಬ್ಬಳ್ಳಿಯ ಕಾಲೇಜಿನಲ್ಲಿ ತೊಲೆಗಳನ್ನು ಒತ್ತಿ ಒತ್ತಿ ನೋಡುವ ಮಷೀನು ನಡೆಸುತ್ತೀಯ. ಕಬ್ಬಿಣಕ್ಕೆ ದಣಿವು ಉಂಟೇ? ಉಂಟಾದರೆ ಬರಿ. ಇಲ್ಲವಾದರೂ ಬರಿ.

ನಿನ್ನ ಅಣ್ಣ
ವಿರುಪಣ್ಣ

ಹುಬ್ಬಳ್ಳಿ
9-10-1983

ಅಣ್ಣನಿಗೆ ಬಾಲಪ್ಪನ ನಮಸ್ಕಾರಗಳು.

ಕಾಗದ ಬಂದು ಹತ್ತು ದಿನವಾಯಿತು. ಯಮನೂರಮ್ಮನ ಬಗ್ಗೆ ಬರೆಯಲು ನನಗೆ ಬಾಯಿಲ್ಲ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ನೀನು ಕೇಳಿದ್ದಕ್ಕೆ ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.

ಕಬ್ಬಿಣಕ್ಕೆ ದಣಿವು ಉಂಟು. ಇಕ್ಕಳ ಕೈಗೆ ಸಿಗದಾಗ ನೀನು ಬೈಂಡಿಂಗ್ ತಂತಿಯನ್ನು ಹೇಗೆ ಮುರಿಯುತ್ತೀಯ? ಎಳೆದರೆ ಹರಿಯುವುದಿಲ್ಲ. ಆ ಕಡೆ ಈ ಕಡೆ ಹತ್ತು ಸಲ ಬಾಗಿಸಿದರೆ ತಾನೇ ಕಳಚುತ್ತದೆ. ಹನಿಹನಿ ಕೂಡಿದರೆ ಹಳ್ಳ ಅನ್ನುತ್ತಾರಲ್ಲ, ಇದೂ ಅದೇ. ಒಂದು ಲಾರಿ ಏನೂ ಮಾಡುವುದಿಲ್ಲ. ಲಕ್ಷ ಲಾರಿಗಳು ಒಂದೊಂದೂ ಕಣ್ಣಿಗೆ ಕಾಣದಷ್ಟು ಬಿರುಕನ್ನು ಮುಂದಕ್ಕೆ ತಳ್ಳುತ್ತವೆ.

ಆ ಬಗೆಯ ಸೇತುವೆಯಲ್ಲಿ ಕೆಳಗೆ ಕಬ್ಬಿಣದ ತೊಲೆ, ಮೇಲೆ ಕಾಂಕ್ರೀಟಿನ ಹಾಸು. ಎರಡು ಹಲಗೆಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟು ನಡುವೆ ನಿಂತರೆ ಎರಡೂ ಬಾಗುತ್ತವೆ, ತುದಿಯಲ್ಲಿ ಒಂದರ ಮೇಲೊಂದು ಜಾರುತ್ತವೆ. ಮೊಳೆ ಹೊಡೆದು ಸೇರಿಸಿದರೆ ಎರಡೂ ಸೇರಿ ದಪ್ಪನೆಯ ಒಂದೇ ಹಲಗೆಯಾಗಿ ಹೊರುತ್ತವೆ. ನೀನು ಬೆಸೆದ ಚಾನಲ್ ತುಂಡುಗಳು ಆ ಮೊಳೆಗಳು. ಅವು ಒಂದೊಂದಾಗಿ ಕಳಚಿದರೆ ಮೇಲಿನ ರಸ್ತೆಯಲ್ಲಿ ಏನೂ ಕಾಣುವುದಿಲ್ಲ. ಕಾಂಕ್ರೀಟು ಕಾಂಕ್ರೀಟಿನ ಪಾಡಿಗೆ, ಕಬ್ಬಿಣ ಕಬ್ಬಿಣದ ಪಾಡಿಗೆ ಆಗಿಬಿಡುತ್ತದೆ. ಆಮೇಲೆ ಅರ್ಧ ಭಾರವೂ ಹೆಚ್ಚು.

ನಮ್ಮ ಮಷೀನು ತೊಲೆಯನ್ನು ಸೆಕೆಂಡಿಗೆ ನಾಲ್ಕು ಸಲ ಒತ್ತಿ ಬಿಡುತ್ತದೆ. ದಿನಕ್ಕೆ ಮೂರೂವರೆ ಲಕ್ಷ ಸಲ. ಇಪ್ಪತ್ತು ಲಕ್ಷ ತಾಳಿದರೆ ಪಾಸು, ಆರು ದಿನದ ಕೆಲಸ. ನಮ್ಮ ಸಾಹೇಬರು ಪ್ರೊಫೆಸರು, ಮೊದಲಿನಿಂದಲೂ ಗಟ್ಟಿ ಕಾಂಕ್ರೀಟಿನ ಮೇಲೆ ಕೆಲಸ ಮಾಡುತ್ತಾರೆ. ಸಾಮಾನ್ಯ ಕಾಂಕ್ರೀಟಿಗೆ ಎರಡು ಪಟ್ಟು ಬಲದ್ದು. ಕಾಂಕ್ರೀಟು ಗಟ್ಟಿಯಾದಷ್ಟೂ ಅದು ಪುಡಿಯಾಗಿ ಜಾಗ ಬಿಡುವುದಿಲ್ಲ, ಏಟೆಲ್ಲ ಬೆಸುಗೆಯ ಬುಡಕ್ಕೆ ಬೀಳುತ್ತದೆ ಎಂಬುದನ್ನು ನಾವು ಇಲ್ಲಿ ಹಲವು ಸಲ ನೋಡಿದ್ದೇವೆ.

ನೀರಿನಿಂದ ಎತ್ತಿದ ಗರ್ಡರು ದಂಡೆಯ ಮೇಲೆ ಇದ್ದರೆ, ತುಂಡುಗಳು ಎಲ್ಲಿ ಮುರಿದಿವೆ ನೋಡು. ಕಾಂಕ್ರೀಟಿನಲ್ಲೋ, ತುಂಡಿನಲ್ಲೋ, ಬೆಸುಗೆಯಲ್ಲೋ.

ಬಾಲಪ್ಪ

ಗಂಗಾವತಿ
24-10-1983

ಚಿ. ಬಾಲಪ್ಪನಿಗೆ ಆಶೀರ್ವಾದ.

ನೋಡಿದೆ. ಬೆಸುಗೆಯಲ್ಲಿ.

ಗರ್ಡರುಗಳು ದಂಡೆಯ ಮೇಲೆ ಬಿದ್ದಿವೆ, ಅವುಗಳ ಮೇಲೆ ಕ್ಯಾಂಪಿನವರು ಬಟ್ಟೆ ಒಣಗಹಾಕಿದ್ದರು. ಸರಿಸಿ ನೋಡಿದೆ. ಒಂದು ಗರ್ಡರಿನ ತುಂಡುಗಳು ಹಲ್ಲಿನಂತೆ ಇನ್ನೂ ಸಾಲಾಗಿ ನಿಂತಿವೆ. ಇನ್ನೊಂದರಲ್ಲಿ ಒಂದು ತುದಿಯಿಂದ ಹತ್ತೊಂಬತ್ತು ತುಂಡುಗಳು ಬುಡದಲ್ಲೇ ಕಳಚಿ ಹಾರಿಹೋಗಿವೆ. ಬುಡದ ಬೆಸುಗೆ ಉಜ್ಜಿ ನೋಡಿದರೆ ಒಳಗೆಲ್ಲ ಸಣ್ಣ ಸಣ್ಣ ತೂತು, ಹುಳ ಬಿದ್ದ ಜೋಳದ ಹಾಗೆ. ಇಪ್ಪತ್ತೈದು ವರ್ಷದ ಕೆಲಸಗಾರ ನಾನು, ಆ ತೂತು ಯಾತರದು ಎಂದು ಯಾರೂ ಹೇಳಬೇಕಾಗಿಲ್ಲ. ಹಸಿ ರಾಡಿನದು.

ವೆಲ್ಡಿಂಗ್ ರಾಡಿನ ಮೈಮೇಲೆ ಒಂದು ಮದ್ದಿನ ಲೇಪ ಇರುತ್ತದೆ, ಅದು ತೇವ ಹೀರುತ್ತದೆ. ಮಳೆಗಾಲದಲ್ಲಿ ಅದನ್ನು ಕಾಯಿಸದೆ ಹಚ್ಚಬಾರದು. ದೊಡ್ಡ ಕಾರ್ಖಾನೆಯಲ್ಲಿ ಅದಕ್ಕೆ ಪೆಟ್ಟಿಗೆ ಇರುತ್ತದಂತೆ. ನಮ್ಮಲ್ಲಿ ಹುಲಗೆಮ್ಮನ ರೊಟ್ಟಿ ಹಂಚು. ದಿನಾ ಬೆಳಗ್ಗೆ ರೊಟ್ಟಿ ಮುಗಿದ ಮೇಲೆ ಆ ದಿನದ ರಾಡುಗಳನ್ನು ಹಂಚಿನ ಮೇಲೆ ಹರವಿ, ಕೆಂಡದ ಮೇಲೆ ಒಂದು ತಾಸು ಬಿಟ್ಟು, ಬಟ್ಟೆಯಲ್ಲಿ ಸುತ್ತಿ ಬುತ್ತಿಯ ಜೊತೆ ಕೊಡುತ್ತಿದ್ದಳು. ಒಂದು ದಿನ ತಪ್ಪಿಸಿದವಳಲ್ಲ.

ಎಪ್ಪತ್ತಾರರ ಜುಲೈ ಎರಡಕ್ಕೆ ಅವ್ವ ಹೋದಳು. ಮಣ್ಣು ಮಾಡಿದ ಮನೆಯಲ್ಲಿ ಮೂರನೇ ದಿನ ಮಣ್ಣಿಗೆ ಹಾಲೆರೆಯುವ ಕಾರ್ಯ ಆಗುವ ತನಕ ಒಲೆ ಹಚ್ಚುವುದಿಲ್ಲ. ಬೀಗರು, ಓಣಿಯವರು ತಂದುಕೊಟ್ಟದ್ದನ್ನು ಉಣ್ಣಬೇಕು. ಅವ್ವ ಸಾಯುವ ಮುಂಚೆ "ಮಣ್ಣಿಗಿ ಹಾಲು ನನ್ನ ಬಾಲ್ಯಾನ ಎರೀಬೇಕು" ಅಂದಿದ್ದಳು. ನಿನ್ನ ತಂತಿಯೂ ಬಂತು: ಬರುತ್ತಿದ್ದೇನೆ, ಕಾಯಿರಿ. ಕಾದೆವು. ಮೂರನೇ ದಿನ ಹೋಯಿತು, ನಾಲ್ಕು, ಐದು. ಏಳನೇ ದಿನ ನಾನೇ ಎರೆದೆ. ಅಷ್ಟು ದಿನ ಒಲೆ ತಣ್ಣಗಿತ್ತು.

ನಡುವೆ ಗುತ್ತಿಗೆದಾರನ ಕಡೆಯ ಹನುಮಣ್ಣ ಬಂದು ಹೊಸ್ತಿಲ ಹೊರಗೆ ನಿಂತ. "ವಿರುಪಣ್ಣ, ಕಾಲುವಿಗಿ ನೀರು ಬಿಡಾಕ ಒಂದ ವಾರ ಐತಿ. ಗರ್ಡರ್ ಮ್ಯಾಲ ಕುಂದರ್ಸಲಿಲ್ಲಂದ್ರ ಈ ವರ್ಷ ಸೇತುವಿ ಇಲ್ಲ. ನಿನ್ನ ಬಿಟ್ರ ಯಾರದಾರ?" ನನಗೆ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. ಹೋದೆ. ನಾಲ್ಕು ದಿನ ರಾಡು ಕಾಯಿಸದೆ ಬೆಸೆದೆ. ಸೂತಕದ ಮನೆಯ ಕಬ್ಬಿಣ ತಂದು ಪಕ್ಕದವರ ಒಲೆಯ ಮೇಲೆ ಇಡಿ ಎಂದು ಕೇಳಲು ಬಾಯಿ ಬರಲಿಲ್ಲ. ನಾಲ್ಕು ದಿನದಲ್ಲಿ ಏನಾಗುತ್ತದೆ ಅಂದುಕೊಂಡೆ. ಸೂತಕದಲ್ಲಿ ಕೆಲಸಕ್ಕೆ ಹೋಗಬಾರದು ಎಂಬುದನ್ನು ಮುರಿದೆ, ಒಲೆ ಹಚ್ಚಬಾರದು ಎಂಬುದನ್ನು ಮುರಿಯಲಿಲ್ಲ. ಮುರಿದರೆ ಎರಡನ್ನೂ ಮುರಿಯಬೇಕಾಗಿತ್ತು. ತಾನು ಮಾಡುವುದು ಉತ್ತಮ, ಆಳು ಮಾಡುವುದು ಹಾಳು ಎಂದು ಗಾದೆ. ಆ ನಾಲ್ಕು ದಿನ ಆಳಿನ ಕೈಗೆ ಕೊಡದೆ ಎಲ್ಲ ನಾನೇ ಮಾಡಿದೆ.

ಇನ್ನೊಂದು ಇದೆ, ಅದಕ್ಕೇ ಇಷ್ಟು ಬರೆದದ್ದು. ಆ ನಾಲ್ಕು ದಿನದಲ್ಲಿ ನಾನು ಬೆಸೆದದ್ದು ಎರಡು ಗರ್ಡರು. ಒಂದು ಈಗ ದಂಡೆಯ ಮೇಲಿದೆ. ಇನ್ನೊಂದು ಅದೇ ಗುತ್ತಿಗೆದಾರ ಕಟ್ಟಿಸಿದ ಕರಿಹಳ್ಳದ ಸೇತುವೆಗೆ ಹೋಯಿತು, ಯಲಬುರ್ಗಾ ತಾಲೂಕು, ಕುಕನೂರಿನ ಆಚೆ. ಅಲ್ಲಿ ಮೊದಲು ದಿನಕ್ಕೆ ನಾಲ್ಕು ಬಸ್ಸು, ಸಂತೆಯ ಬಂಡಿಗಳು, ಅಷ್ಟೇ. ಈಗ ವರ್ಷದಿಂದ ಕುಷ್ಟಗಿ ಕಡೆಯಿಂದ ಕಲ್ಲಿನ ಗುಂಡು ಹೇರಿದ ಲಾರಿಗಳು ಅದರ ಮೇಲೆ ಓಡಾಡುತ್ತಿವೆ.

ಹಸಿ ರಾಡಿನಿಂದಲೇ ಬಿತ್ತು ಎಂದು ನನಗೆ ಅನ್ನಿಸುತ್ತದೆ. ಅನ್ನಿಸುವುದನ್ನು ಯಾವ ಆಫೀಸಿನಲ್ಲೂ ತೆಗೆದುಕೊಳ್ಳುವುದಿಲ್ಲ. ನಿನ್ನ ಮಷೀನಿನಲ್ಲಿ ಒತ್ತಿ ನೋಡಿ ಹೇಳಲು ಬರುತ್ತದೆಯೇ?

ವಿರುಪಣ್ಣ

ಹುಬ್ಬಳ್ಳಿ
6-11-1983

ಅಣ್ಣನಿಗೆ ನಮಸ್ಕಾರ.

ಬರುತ್ತದೆ. ಸಾಹೇಬರನ್ನು ಕೇಳಿದೆ, ಒಪ್ಪಿದ್ದಾರೆ. ಎಂಟು ಅಡಿಯ ಎರಡು ತೊಲೆ, ಒಂದೇ ಕಂಪನಿಯ ಕಬ್ಬಿಣ, ಒಂದೇ ಅಳತೆಯ ಚಾನಲ್ ತುಂಡು. ಒಂದಕ್ಕೆ ಕಾಯಿಸಿದ ರಾಡು, ಇನ್ನೊಂದಕ್ಕೆ ಆಗಿನ ಹಾಗೆ ತೇವದ್ದು. ಇಲ್ಲಿನ ವೆಲ್ಡರ್ ಮಾಡಿದರೆ ನಡೆಯುವುದಿಲ್ಲ, ಎರಡೂ ನಿನ್ನ ಕೈಯವೇ ಆಗಬೇಕು. ಲಾರಿಗೆ ಹಾಕಿ ಕಳಿಸು. ಕಾಂಕ್ರೀಟು ನಾವು ಹಾಕುತ್ತೇವೆ. ಹಾಕಿದ ಮೇಲೆ ಇಪ್ಪತ್ತೆಂಟು ದಿನ ನೀರುಣಿಸಬೇಕು. ಅವಸರ ಮಾಡಲು ಬರುವುದಿಲ್ಲ.

ನಿನ್ನ ಕಾಗದದ ಉಳಿದ ಮಾತಿಗೆ ಉತ್ತರ ಬರೆಯಲು ಕುಳಿತಿದ್ದೆ. ಮೂರು ಹಾಳೆ ಹರಿದೆ. ಪರೀಕ್ಷೆ ಮುಗಿಯಲಿ.

ಬಾಲಪ್ಪ

ಗಂಗಾವತಿ
2-12-1983

ಚಿ. ಬಾಲಪ್ಪನಿಗೆ ಆಶೀರ್ವಾದ.

ತೊಲೆಗಳನ್ನು ಇವತ್ತು ಲಾರಿಗೆ ಹಾಕಿದೆ.

ಕಾಯಿಸಿದ ರಾಡಿಗಾಗಿ ಹುಲಗೆಮ್ಮನನ್ನು ಕೇಳಬೇಕಾಯಿತು. ಆಗಸ್ಟಿನಿಂದ ನಾನು ಅಂಗಡಿಯಲ್ಲೇ ಇದ್ದಿಲ ಮೇಲೆ ಕಾಯಿಸಿಕೊಳ್ಳುತ್ತಿದ್ದೆ, ಅವಳಿಗೆ ಕೊಟ್ಟಿರಲಿಲ್ಲ. ಯಾಕೆ ಎಂದು ಅವಳೂ ಕೇಳಿರಲಿಲ್ಲ. ಮೊನ್ನೆ ಕಟ್ಟು ಮುಂದಿಟ್ಟು ಎಲ್ಲ ಹೇಳಿದೆ, ಒಲೆಯದು, ತೂತಿನದು, ಎರಡನೇ ಗರ್ಡರಿನದು. ಅವಳು ಕೊನೆಯ ರೊಟ್ಟಿ ತೆಗೆದಳು.

"ಗೊತ್ತಾತಂದ್ರ ಏನ ಮಾಡ್ತಿ?" ಅಂದಳು.

"ನನಗೂ ತಿಳೀವಲ್ದು."

"ಆಕಿ ಬರಾಂಗಿಲ್ಲ."

"ಇಲ್ಲ. ಕರಿಹಳ್ಳದ ಮ್ಯಾಲ ಇನ್ನೂ ಮಂದಿ ಅಡ್ಯಾಡ್ಲಿಕ್ಕತ್ಯಾರ."

ಆಮೇಲೆ ರಾಡುಗಳನ್ನು ಹಂಚಿನ ಮೇಲೆ ಒಂದೊಂದಾಗಿ ಹೊಂದಿಸಿದಳು. ಕೆಂಡ ಸಾಲದು ಎಂದು ಇನ್ನೊಂದು ಕಟ್ಟಿಗೆ ಇಟ್ಟಳು. ಒಂದು ತಾಸು ಅಲ್ಲೇ ಕುಳಿತಳು, ನಾನೂ ಕುಳಿತೆ. ಮೊದಲು ಹೀಗೆ ಕುಳಿತರೆ ಅವಳು ನನ್ನನ್ನು, "ನಿನ್ನ ಕಬ್ಬಿಣದ ರೊಟ್ಟಿ ಆದ್ವು, ಏಳ ಧಣಿ" ಎಂದು ಕಾಡುತ್ತಿದ್ದಳು. ಈ ಸಲ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು, ಅಷ್ಟೇ.

ಇನ್ನೊಂದು ತೊಲೆಗೆ ರಾಡುಗಳನ್ನು ಎರಡು ದಿನ ಹಸಿ ಗೋಣಿಚೀಲದಲ್ಲಿ ಇಟ್ಟು, ನೆರಳಿನಲ್ಲಿ ಆರಿಸಿ ಬೆಸೆದೆ. ಬೇಕೆಂದು ಕೆಟ್ಟ ಕೆಲಸ ಮಾಡಿದ್ದು ಇದೇ ಮೊದಲು. ಕಿಟ್ಟ ಕುಟ್ಟಿ ತೆಗೆದ ಮೇಲೆ ನೋಡಿದರೆ ಎರಡೂ ಬೆಸುಗೆ ಒಂದೇ ತರಹ, ನನಗೇ ವ್ಯತ್ಯಾಸ ಕಾಣಲಿಲ್ಲ. ಆಗಲೂ ಕಂಡಿರಲಿಲ್ಲ.

ತೊಲೆಯ ತುದಿಯಲ್ಲಿ ಉಳಿಯಿಂದ ಗುರುತು ಹಾಕಿದ್ದೇನೆ. ಒಂದಕ್ಕೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು ಚುಕ್ಕೆ. ಯಾವುದು ಯಾವ ರಾಡಿನದು ಎಂದು ನಾನು ಬರೆಯುವುದಿಲ್ಲ. ನೀನು ನನ್ನ ತಮ್ಮ. ಗೊತ್ತಿದ್ದರೆ ನಿನ್ನ ಕೈ ನನ್ನ ಮೇಲೆ ಕನಿಕರಪಟ್ಟೀತು.

ವಿರುಪಣ್ಣ

ಹುಬ್ಬಳ್ಳಿ
14-2-1984

ಅಣ್ಣನಿಗೆ ನಮಸ್ಕಾರ.

ಪರೀಕ್ಷೆ ಮುಗಿಯಿತು.

ಒಂದು ಚುಕ್ಕೆಯ ತೊಲೆ ಇಪ್ಪತ್ತು ಲಕ್ಷ ಮುಟ್ಟಿತು. ಕಬ್ಬಿಣಕ್ಕೂ ಕಾಂಕ್ರೀಟಿಗೂ ನಡುವೆ ಕೂದಲೆಳೆಯಷ್ಟು ಜಾರಿಕೆ, ಅದೂ ಮೊದಲ ದಿನವೇ ಆಗಿ ನಿಂತುಬಿಟ್ಟಿತು. ಆಮೇಲೆ ಭಾರ ಹೆಚ್ಚಿಸಿ ಒಡೆಯಲು ನೋಡಿದೆವು, ಬಹಳ ಹೊತ್ತು ಬಗ್ಗಲಿಲ್ಲ. ಸಾಹೇಬರು ಇದನ್ನು ಬೆಸೆದವನು ಯಾರು ಎಂದು ಕೇಳಿದರು. ನಮ್ಮ ಅಣ್ಣ ಅಂದೆ.

ಎರಡು ಚುಕ್ಕೆಯದನ್ನು ಅದೇ ಭಾರಕ್ಕೆ ಹಚ್ಚಿದೆ. ಮೊದಲ ಎರಡು ಲಕ್ಷ ಏನೂ ಇಲ್ಲ. ಆಮೇಲೆ ಜಾರಿಕೆ ನಿಲ್ಲದೆ ಬೆಳೆಯಿತು. ಮೂರು ಲಕ್ಷ ನಲವತ್ತು ಸಾವಿರದ ಹತ್ತಿರ ತುದಿಯಲ್ಲಿ 'ಟಕ್' ಎಂದಿತು. ಭಾರ ಬಂದಾಗ ಒಂದು, ಬಿಟ್ಟಾಗ ಒಂದು. ಐದು ಲಕ್ಷ ಹನ್ನೆರಡು ಸಾವಿರಕ್ಕೆ ಹಾಸು ಮೇಲೆದ್ದಿತು, ತೊಲೆ ಬಾಗಿತು. ಕಾಂಕ್ರೀಟು ಒಡೆದು ನೋಡಿದೆವು. ಒಂಬತ್ತು ತುಂಡುಗಳು ಬುಡದಲ್ಲಿ ಕಳಚಿದ್ದವು. ಕಾಂಕ್ರೀಟಿನ ಮೇಲೆ ಒಂದು ಗೀರೂ ಇರಲಿಲ್ಲ. ಬೆಸುಗೆಯಲ್ಲಿ ನೀನು ಬರೆದ ತೂತುಗಳಿದ್ದವು. ಯಾವುದು ಯಾವುದೆಂದು ಇನ್ನು ನೀನು ಹೇಳಬೇಕಾಗಿಲ್ಲ.

ಒಂದೇ ಜೋಡಿಯಿಂದ ಸಾಬೀತಾಗುವುದಿಲ್ಲ ಎಂದು ಸಾಹೇಬರು ಹೇಳುತ್ತಾರೆ, ಅದು ಸರಿ. ಆದರೆ ಕರಿಹಳ್ಳದ ಬಗ್ಗೆ ಒಂದು ಮಾತು ತಿಳಿದಿರಲಿ. ಅಲ್ಲಿ ವಾಹನ ಕಡಿಮೆ ಎಂದು ಧೈರ್ಯ ತಂದುಕೊಳ್ಳುವ ಹಾಗಿಲ್ಲ. ದಣಿವಿನ ಲೆಕ್ಕದಲ್ಲಿ ಎರಡು ಪಟ್ಟು ಭಾರದ ಲಾರಿ ಎರಡು ಲಾರಿ ಅಲ್ಲ, ಇಪ್ಪತ್ತು ಮೂವತ್ತು ಲಾರಿಗೆ ಸಮ. ಕಲ್ಲಿನ ಲಾರಿಗಳು ಅಂಥವು. ಟಕ್ ಸಪ್ಪಳ ಶುರುವಾಗಿದ್ದರೆ ದಿನಗಳು ಕಡಿಮೆ.

ಈಗ ಹರಿದು ಹಾಕಿದ ಮೂರು ಹಾಳೆಗಳ ಮಾತು.

ನನಗೆ ಜ್ವರ ಬಂದಿತ್ತು ಎಂದು ಹನ್ನೊಂದನೇ ದಿನ ಹೇಳಿದೆನಲ್ಲ, ಬಂದಿರಲಿಲ್ಲ. ಅವ್ವ ಹೋದ ಸುದ್ದಿಯ ನಿನ್ನ ತಂತಿ ಮರುದಿನವೇ ಕೈಗೆ ಸಿಕ್ಕಿತು. ಆಗ ಮಷೀನಿನ ಮೇಲೆ ಒಂದು ತೊಲೆ ಇತ್ತು, ನನ್ನ ಕೈಗೆ ಪೂರಾ ಬಿಟ್ಟುಕೊಟ್ಟ ಮೊದಲ ಪರೀಕ್ಷೆ. ಎಣಿಕೆ ನಾಲ್ಕು ಲಕ್ಷ ಎಂಬತ್ತು ಸಾವಿರ. ಮಧ್ಯಾಹ್ನದ ರೈಲು ಹತ್ತಿದ್ದರೆ ಸಂಜೆಗೆ ಕೊಪ್ಪಳದಲ್ಲಿ ಇರುತ್ತಿದ್ದೆ. ಸಾಹೇಬರಿಗೆ ಹೇಳಿದ್ದರೆ ಆ ಕ್ಷಣವೇ ಕಳಿಸುತ್ತಿದ್ದರು. ಮಷೀನು ನಿಲ್ಲಿಸಬಾರದು ಎಂಬ ನಿಯಮವೇನೂ ಇರಲಿಲ್ಲ. ಬರುತ್ತಿದ್ದೇನೆ, ಕಾಯಿರಿ ಎಂದು ತಂತಿ ಕೊಟ್ಟು, ಬಂದು ಮಷೀನಿನ ಮುಂದೆ ಕುಳಿತೆ. ಅವ್ವನ ಮಣ್ಣು ನೋಡಲು ಹೆದರಿದೆ ಅಣ್ಣಾ. ಎಣಿಕೆ ತಿರುಗುತ್ತಿರುವಷ್ಟು ಹೊತ್ತು ಅವ್ವ ಸತ್ತಿರಲಿಲ್ಲ. ಇಪ್ಪತ್ತು ಲಕ್ಷ ಆಯಿತು, ನಾನೇ ಇನ್ನೂ ಒಂದು ಲಕ್ಷ ಓಡಿಸಿದೆ.

ಆ ಪರೀಕ್ಷೆಯಿಂದ ನನ್ನ ನೌಕರಿ ಖಾಯಂ ಆಯಿತು. ಸೇತುವೆ ಬೀಳಬಾರದೆಂದು ಮಾಡುವ ಪರೀಕ್ಷೆ ಅದು. ನಾನು ಬಂದಿದ್ದರೆ ಮೂರನೇ ದಿನ ಹಾಲು ಎರೆಯುತ್ತಿದ್ದೆವು, ಒಲೆ ಹತ್ತುತ್ತಿತ್ತು. ಅಕ್ಟೋಬರಿನಲ್ಲಿ ನಿನ್ನ ಕಾಗದ ಓದಿದಾಗಲೇ ಇದು ನನಗೆ ತಿಳಿಯಿತು. ನಾಲ್ಕು ತಿಂಗಳು ಬಚ್ಚಿಟ್ಟೆ. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ.

ಬಾಲಪ್ಪ

ಹುಬ್ಬಳ್ಳಿ
4-3-1984

ಅಣ್ಣನಿಗೆ,

ಮೂರು ವಾರವಾಯಿತು. ಕಾಗದ ಮುಟ್ಟಿತೋ ಇಲ್ಲವೋ. ನನಗೆ ಉತ್ತರ ಬರೆಯಬೇಡ, ಅದು ನಿನ್ನ ಇಷ್ಟ. ಕರಿಹಳ್ಳದ ಸೇತುವೆ ಮಾತ್ರ ಮುಚ್ಚಿಸು. ಸಾಹೇಬರು ಪರೀಕ್ಷೆಯ ವಿವರ ಬರೆದು ಸಹಿ ಹಾಕಿಕೊಟ್ಟಿದ್ದಾರೆ, ಇದರ ಜೊತೆ ಇಟ್ಟಿದ್ದೇನೆ. ಲೋಕೋಪಯೋಗಿ ಆಫೀಸಿನಲ್ಲಿ ತೋರಿಸು.

ಬಾಲಪ್ಪ

ಕರಿಹಳ್ಳ, ಕುಕನೂರು ಹತ್ತಿರ
22-3-1984

ಚಿ. ಬಾಲಪ್ಪನಿಗೆ ಆಶೀರ್ವಾದ.

ಎರಡೂ ಕಾಗದ ಮುಟ್ಟಿವೆ. ಎರಡು ಚುಕ್ಕೆ ಹಸಿ ರಾಡಿನದು. ನಿನ್ನ ಸಾಹೇಬರಿಗೆ ಹೇಳು.

ನೀನು ಬರೆದದ್ದನ್ನು ಓದಿ ಸಿಟ್ಟು ಬರಲಿ ಎಂದು ಕಾದೆ. ಬಂದರೆ ಛಲೋ ಆಗುತ್ತಿತ್ತು, ಒಳಗೆ ಏನೋ ಇದೆ ಎಂದಾದರೂ ಗೊತ್ತಾಗುತ್ತಿತ್ತು. ಬರಲಿಲ್ಲ. ಹುಲಗೆಮ್ಮನಿಗೆ ಓದಿ ಹೇಳಿದೆ. "ಅಂವಾ ಬಂದಿಲ್ಲಂತ ನಾವು ಒಲಿ ಹಚ್ಚಲಿಲ್ಲ. ಹಚ್ಚಬ್ಯಾಡ್ರಿ ಅಂತ ಅಂವಾ ಹೇಳಿದ್ನೇನು?" ಅಂದಳು. ಹೊರಗೆ ಹೋಗಿ ಬಹಳ ಹೊತ್ತು ನಿಂತಳು. ನಿನ್ನನ್ನು ಮಾಫಿ ಮಾಡಿದಳೋ, ನನ್ನನ್ನು ಬೈದಳೋ ತಿಳಿಯಲಿಲ್ಲ. ನನಗೆ ತಿಳಿಯುವುದು ಇಷ್ಟು: ಬೆಸೆದವನು ನಾನು. ನಿನ್ನ ಪಾಲು ನಿನ್ನ ಹತ್ತಿರ ಇರಲಿ, ನನ್ನದರಲ್ಲಿ ಅದು ಕಡಿಮೆಯಾಗುವುದಿಲ್ಲ.

ಆಫೀಸಿಗೆ ಮೂರು ಸಲ ಹೋದೆ. ಮೂರನೇ ಸಲ ಒಳಗೆ ಬಿಟ್ಟರು. ನಿನ್ನ ಸಾಹೇಬರ ಕಾಗದ, ನಾನು ಬರೆದುಕೊಂಡು ಹೋದ ಒಪ್ಪಿಗೆ, ಎರಡನ್ನೂ ಮೇಜಿನ ಮೇಲೆ ಇಟ್ಟೆ. ಅಲ್ಲಿದ್ದ ಎಂಜಿನಿಯರು ಓದಿ, ಕನ್ನಡಕ ತೆಗೆದು, "ಯಜಮಾನ್ರ, ಮಗಳನ್ನ ಕಳಕೊಂಡೀರಿ, ನಿಮ್ಮ ತಲಿ ನೆಟ್ಟಗಿಲ್ಲ. ಭಾರ ಹೆಚ್ಚಾಗಿ ಬಿತ್ತು ಅಂತ ಫೈಲ್ ಮುಚ್ಚೈತಿ. ಈಗ ಇದನ್ನ ತಗೊಂಡ್ರ ಮೊದಲ ನಿಮ್ಮನ್ನ ಒಳಗ ಹಾಕ್ತಾರ" ಅಂದರು. ಹಾಕಲಿ ಅಂದೆ. "ಮ್ಯಾಲ ಕಳಸ್ತೀನ್ರಿ, ಬಂದು ನೋಡ್ತಾರ, ಮಳಿಗಾಲಕ್ಕಿಂತ ಮೊದಲ" ಅಂದರು. ಠಸ್ಸೆ ಹೊಡೆಸಿಕೊಂಡು ಬಂದೆ. ಮಾಡಿದ್ದೇನೆ ಎಂದು ಹೇಳಿದವನನ್ನು ಹಿಡಿಯುವವರು ಯಾರೂ ಇಲ್ಲ.

ಅದಕ್ಕೇ ಇಲ್ಲಿಗೆ ಬಂದೆ. ಅಂಗಡಿಗೆ ಬೀಗ ಹಾಕಿ ಒಂಬತ್ತು ದಿನವಾಯಿತು. ಸೇತುವೆಯ ಪಕ್ಕ ಸರ್ದಾರಬೀ ಎಂಬ ಹೆಂಗಸಿನ ಚಹಾದಂಗಡಿ ಇದೆ, ಅಲ್ಲೇ ಬೆಂಚಿನ ಮೇಲೆ ಮಲಗುತ್ತೇನೆ. ಬಂದ ದಿನ ಅವಳನ್ನು ಕೇಳಿದೆ, ಲಾರಿ ಹೋದಾಗ ಕೆಳಗೆ ಏನಾದರೂ ಸಪ್ಪಳ ಬರುತ್ತದೆಯೇ ಎಂದು. "ಸಂಕ್ರಾಂತಿ ಆದಾಗಿಂದ ಬರ್ತೈತ್ರಿ. ಟಕ್ ಟಕ್ ಅಂತೈತಿ. ಕಪ್ಪು-ಬಸಿ ಅಳ್ಳಾಡ್ತಾವ" ಅಂದಳು. ಹಳ್ಳಕ್ಕೆ ಇಳಿದು ಗರ್ಡರಿಗೆ ಕೈ ಹಚ್ಚಿ ನಿಂತೆ. ಕಲ್ಲಿನ ಲಾರಿ ಬಂತು. ಬಂದಾಗ ಒಂದು, ಹೋದಾಗ ಒಂದು. ನೀನು ಬರೆದ ಹಾಗೆಯೇ.

ಲಾರಿ ನಿಲ್ಲಿಸಲು ನನ್ನಿಂದ ಆಗುವುದಿಲ್ಲ. ಮೊದಲ ದಿನ ಅಡ್ಡ ಕಲ್ಲು ಇಟ್ಟೆ, ಎತ್ತಿ ಹಳ್ಳಕ್ಕೆ ಒಗೆದರು, ಒಬ್ಬ ನನ್ನನ್ನೂ ದೂಡಿದ. ಹಳ್ಳದಲ್ಲಿ ದಾರಿ ಮಾಡಿಕೊಂಡು ಹೋಗಿ ಎಂದರೆ ಕಲ್ಲು ಹೇರಿದ ಲಾರಿ ಉಸುಕಿನಲ್ಲಿ ಹೂಳುತ್ತದೆ. ಆದರೆ ಮಂದಿಯನ್ನು ಇಳಿಸಲು ಆಗುತ್ತದೆ. ಬಸ್ಸು ಬಂದರೆ ಕೈ ಅಡ್ಡ ಹಿಡಿಯುತ್ತೇನೆ. ಎಲ್ಲರೂ ಇಳಿದು ಹಳ್ಳದಲ್ಲಿ ನಡೆದು ಹೋಗಬೇಕು, ಬಸ್ಸು ಖಾಲಿ ದಾಟಬೇಕು, ಆ ದಂಡೆಯಲ್ಲಿ ಮತ್ತೆ ಹತ್ತಬೇಕು. ಕಂಡಕ್ಟರ್ ಬೈದ. "ಯಾಕ ಇಳೀಬೇಕ್ರಿ? ನೀವ್ಯಾರು ಹೇಳಾಕ?"

"ಈ ಸೇತುವಿ ಬೆಸೆದಾಂವ ನಾನ. ಇದರ ಜೋಡಿ ಬೆಸೆದದ್ದು ಬಿದ್ದು ನನ್ನ ಮಗಳು ಸತ್ತಾಳ" ಅಂದೆ.

ಅಷ್ಟು ಜನರ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು. ಹಿಂದಿನ ಸೀಟಿನಿಂದ ಒಬ್ಬ ಮುದುಕಿ ಬುಟ್ಟಿ ಎತ್ತಿಕೊಂಡು ಇಳಿದಳು, ಅವಳ ಹಿಂದೆ ಉಳಿದವರು ಇಳಿದರು. ಈಗ ದಿನಾ ಹೇಳುತ್ತೇನೆ. ಹತ್ತು ಸಲ, ಹದಿನೈದು ಸಲ. ಮೊದಲ ಎರಡು ದಿನ ನಾಲಿಗೆಗೆ ಏನೂ ತಗಲಲಿಲ್ಲ, ಬೇರೆ ಯಾರದೋ ಮಾತು ಹೇಳಿದ ಹಾಗಿತ್ತು. ನಾಲ್ಕನೇ ದಿನ ಕಡಲೆ ಹೊಲಕ್ಕೆ ಹೊರಟ ಹೆಣ್ಣುಮಕ್ಕಳ ಟ್ರೇಲರ್ ಬಂತು. ಇಳಿದು ನಗುತ್ತಾ ಹಳ್ಳ ದಾಟಿದರು, ಒಬ್ಬಳು ನನ್ನ ಕಡೆ ಹೊರಳಿ, "ಹೊತ್ತಾತು ನಮಗ, ನಾಳೆ ನೀವ ಎತಗೊಂಡು ದಾಟಸ್ರಿ ಯಜ್ಜಾ" ಅಂದಳು. ಮಗಳ ಹೆಸರು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಸರ್ದಾರಬೀ ಬಂದು ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಏಳು ತಿಂಗಳ ಅಳುವೆಲ್ಲ ಅವತ್ತೇ ಬಂತು. ಅವಳ ಗಿರಾಕಿಗಳು ಚಹಾ ಕುಡಿಯದೆ ಎದ್ದು ಹೋದರು.

ಈಗ ಒಂದು ತೊಡಕು. ಈ ಸೇತುವೆ ಎರಡು ವಾಹನ ಉಜ್ಜಿಕೊಂಡು ದಾಟುವಷ್ಟು ಅಗಲ ಇದೆ. ಕ್ಯಾಂಪಿನದು ಬಿದ್ದದ್ದು ಎರಡು ಒಟ್ಟಿಗೆ ಬಂದಾಗ. ಒಂದು ದಾಟುವ ತನಕ ಇನ್ನೊಂದನ್ನು ತಡೆಯಬೇಕು. ನಾನು ಕುಕನೂರಿನ ಕಡೆ ನಿಂತರೆ ಎದುರು ದಂಡೆಯಿಂದ ಬರುವವರಿಗೆ ಹೇಳುವವರಿಲ್ಲ. ಸರ್ದಾರಬೀ ಎಷ್ಟು ಹೊತ್ತು ಒಲೆ ಬಿಟ್ಟು ನಿಂತಾಳು. ನಿನ್ನೆ ಅವಳು ಹಾಲು ತರಲು ಹೋದಾಗ ಕಲ್ಲಿನ ಲಾರಿಯೂ ಬಸ್ಸೂ ಒಟ್ಟಿಗೆ ಏರಿದವು. ಬಸ್ಸಿನಲ್ಲಿ ಮಂದಿ ಇದ್ದರು. ಕೂಗುತ್ತಾ ಓಡಿದೆ, ಕೇಳಿಸಲಿಲ್ಲ. ದಾಟಿದವು.

ಮಳೆಗಾಲಕ್ಕೆ ಇನ್ನೂ ಎರಡೂವರೆ ತಿಂಗಳು ಇದೆ. ನಿನಗೆ ಸೂಟಿ ಎಷ್ಟು ಸಿಗುತ್ತದೋ ಗೊತ್ತಿಲ್ಲ. ಹುಬ್ಬಳ್ಳಿಯಿಂದ ಗದಗ, ಗದಗಿನಿಂದ ಕುಕನೂರಿನ ಮೇಲೆ ಮುಂದೆ ಹೋಗುವ ಬಸ್ಸು. ಅದು ನಿನ್ನನ್ನು ನಾನಿರುವ ದಂಡೆಗೆ ತರುತ್ತದೆ. ಉಳಿದವರ ಜೊತೆ ಇಳಿದು ಹಳ್ಳ ದಾಟು, ಆದರೆ ಆ ದಂಡೆಯಲ್ಲಿ ಮತ್ತೆ ಬಸ್ಸು ಹತ್ತಬೇಡ. ಅಲ್ಲೇ ನಿಲ್ಲು.

ನಿನ್ನ ಅಣ್ಣ
ವಿರುಪಣ್ಣ